ಹಾಲವ್ವನ ಹಂಡೆ

ಜಯಪಾಲನಿಗೆ ಹೊಲಸು ಕಂಡರೆ ಆಗುತ್ತಿರಲಿಲ್ಲ. ಅಂಗಿಯ ಕಾಲರಿಗೆ ಒಂದು ಹನಿ ಎಣ್ಣೆ ತಾಗಿದರೆ ಅವತ್ತು ಊಟ ರುಚಿಸುತ್ತಿರಲಿಲ್ಲ. ಇಂಥವನು ಹೋಗಿ ಹೋಗಿ ಕೊಲ್ಹಾಪುರದ ಉದ್ಯಮನಗರದಲ್ಲಿ, ಗ್ರೀಸು, ಲೋಹದ ಪುಡಿ, ಎರಕದ ಮರಳು ಇವುಗಳ ನಡುವೆಯೇ ಯಾಕೆ ನೌಕರಿ ಹಿಡಿದನೆಂಬುದು ಅವನ ಹೆಂಡತಿ ರತ್ನಮಾಲಾಗೆ ಮದುವೆಯಾಗಿ ಎರಡು ವರ್ಷವಾದರೂ ತಿಳಿದಿರಲಿಲ್ಲ.

"ನಿಮಗ ಹೊಲಸಂದ್ರ ಆಗೂದಿಲ್ಲ, ಹೊಲಸು ಬಿಟ್ಟೂ ಆಗೂದಿಲ್ಲ," ಎನ್ನುತ್ತಿದ್ದಳು ಅವಳು.

ಅವನು ಕೆಲಸ ಮಾಡುತ್ತಿದ್ದದ್ದು ರಾವಸಾಹೇಬರ ಕಾರಖಾನೆಯಲ್ಲಿ. ಟ್ರಕ್ ಇಂಜಿನ್ನುಗಳ ಎಣ್ಣೆ ಪಂಪು ಅಲ್ಲಿ ತಯಾರಾಗುತ್ತಿತ್ತು. ಪಂಪಿನ ಮೈ ಬೀಡುಕಬ್ಬಿಣದ್ದು. ಅದರೊಳಗೆ ಬೆರಳು ಕೂಡ ಹೋಗದ ಸಣ್ಣ ಸಣ್ಣ ತೂತುಗಳು. ಸಾವಿರದೊಂಬೈನೂರ ಅರವತ್ತಮೂರರ ಆರಂಭದಲ್ಲಿ ಪುಣೆಯ ಕಡೆಯ ಒಂದು ದೊಡ್ಡ ಕಂಪನಿ ಒಂದು ಪೆಟ್ಟಿಗೆ ಪಂಪುಗಳನ್ನು ಹಾಗೆಯೇ ಹಿಂದಕ್ಕೆ ಕಳಿಸಿತು. ಜೊತೆಗೆ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಒಳಗೆ ಒಂದು ಚಿಟಿಕೆ ಮರಳು, ಪಂಪಿನ ತೂತುಗಳಿಂದ ತೆಗೆದದ್ದು.

"ಪುಣೇದವರು ಪ್ರಸಾದ ಕಳಿಸ್ಯಾರ," ಎಂದು ರಾವಸಾಹೇಬರು ಪೊಟ್ಟಣವನ್ನು ಜಯಪಾಲನ ಮೇಜಿನ ಮೇಲಿಟ್ಟು ಹೋದರು. ರಾವಸಾಹೇಬರು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಅವರು ಇಂಥದೊಂದು ಮಾತು ಆಡಿ ಹೋದರೆ ಸಾಕು, ಕೇಳಿದವನಿಗೆ ಎರಡು ದಿನ ನಿದ್ದೆ ಇರುತ್ತಿರಲಿಲ್ಲ.

ಜಯಪಾಲ ತಿಂಗಳೊಪ್ಪತ್ತಿನಲ್ಲಿ ತೊಳೆಯುವ ಖಾತೆಯನ್ನು ಕಟ್ಟಿದ. ಮೂರು ಕಬ್ಬಿಣದ ತೊಟ್ಟಿಗಳು. ಮೊದಲನೆಯದರ ಕೆಳಗೆ ಕಲ್ಲಿದ್ದಲಿನ ಒಲೆ, ಒಳಗೆ ಕುದಿಯುವ ಕಾಸ್ಟಿಕ್ ಸೋಡಾದ ನೀರು. ಎರಡನೆಯದು ತಣ್ಣೀರಿನದು, ಮೂರನೆಯದು ಬಿಸಿನೀರಿನದು. ಸಾಮಾನುಗಳನ್ನು ತೂತಿನ ಬುಟ್ಟಿಯಲ್ಲಿ ತುಂಬಿ, ಸರಪಳಿಯ ರಾಟೆಯಿಂದ ಒಂದೊಂದರಲ್ಲೂ ಮುಳುಗಿಸಿ ಎತ್ತಬೇಕು. ಬೆಳಗಾವಿಯಲ್ಲಿ ಡಿಪ್ಲೊಮಾ ಮಾಡಿ ಬಂದಿದ್ದ ಜಯಪಾಲ ಎಷ್ಟು ಕಾವು, ಎಷ್ಟು ನಿಮಿಷ ಎಂದು ಇಂಗ್ಲಿಷಿನಲ್ಲಿ ಒಂದು ದೊಡ್ಡ ಪಟ್ಟಿ ಬರೆದು ಗೋಡೆಗೆ ತೂಗುಹಾಕಿದ. ಪಟ್ಟಿ ಬಹಳ ಚೆನ್ನಾಗಿತ್ತು. ಆದರೆ ತೊಳೆದ ಪಂಪುಗಳು ಮರುದಿನಕ್ಕೆ ಬಿಳಿ ಬಿಳಿ ಕಲೆ ಬಿಟ್ಟು, ಮೂರನೆಯ ದಿನಕ್ಕೆ ತುಕ್ಕು ಹಿಡಿಯುತ್ತಿದ್ದವು.

ಆಗ ರಾವಸಾಹೇಬರು ಇಚಲಕರಂಜಿಯಿಂದ ಹಾಲವ್ವನನ್ನು ಕರೆತಂದರು. ಐವತ್ತರ ಹತ್ತಿರದ ಹೆಂಗಸು, ಕಚ್ಚೆ ಸೀರೆ, ಹಣೆಗೆ ವಿಭೂತಿ. ಮೂಲ ಗಡಹಿಂಗ್ಲಜದವಳು. ಗಂಡ ತೀರಿಹೋದ ಮೇಲೆ ಇಚಲಕರಂಜಿಯ ಒಂದು ಬಣ್ಣದ ಕಾರಖಾನೆಯಲ್ಲಿ ಇಪ್ಪತ್ತು ವರ್ಷ ನೂಲು ಕುದಿಸಿದವಳು. ನೂಲಿನ ಮೇಣ, ಜಿಡ್ಡು ಹೋಗಲು ಅಲ್ಲಿಯೂ ಕಾಸ್ಟಿಕ್ಕೇ ಬೇಕು.

"ನೂಲು ಕುದಸಾಕಿ ಕಬ್ಬಿಣಾ ಏನ್ ತೊಳದಾಳು?" ಎಂದು ಜಯಪಾಲ ಕೇಳಿದ.

ಹಾಲವ್ವನೇ ಉತ್ತರ ಕೊಟ್ಟಳು. "ಎರಡಕ್ಕೂ ಭಾಳ ಫರಕ್ ಇಲ್ರಿ ಸಾಹೇಬ್ರ. ಕುದಸಬೇಕು, ತಗೀಬೇಕು, ಜಾಲಾಡಬೇಕು. ನೂಲು ಸಿಕ್ಕಾಗಿ ಜಗಳಾ ತಗೀತೈತಿ, ಕಬ್ಬಿಣಾ ಸುಮ್ಮ ಕುಂಡರತೈತಿ, ಅಷ್ಟ."

ಅವಳು ಗೋಡೆಯ ಪಟ್ಟಿಯನ್ನು ಒಮ್ಮೆ ನೋಡಿ, "ಚಲೋ ಐತ್ರಿ ಕ್ಯಾಲೆಂಡರು," ಎಂದು ಕೆಲಸಕ್ಕೆ ನಿಂತಳು. ಕೊನೆಯ ತೊಟ್ಟಿಯ ನೀರಿಗೆ ಅರಿಷಿಣ ಹಚ್ಚಿದ ಬಟ್ಟೆಯ ಚೂರೊಂದನ್ನು ಅದ್ದಿದಳು. ಬಟ್ಟೆ ಕೆಂಪಗಾಯಿತು. "ಕಾಸ್ಟಿಕ್ ಇನ್ನೂ ಹೋಗಿಲ್ರಿ. ಅದಕ್ಕ ಕಲಿ ಬೀಳತಾವ." ಅರಿಷಿಣ ಅರಿಷಿಣವಾಗಿಯೇ ಉಳಿಯುವವರೆಗೆ ನೀರು ಬದಲಿಸಿದಳು. ಕೊನೆಯದಾಗಿ ಸುಡು ಸುಡು ಬಿಸಿನೀರಿನಿಂದ ಬುಟ್ಟಿ ಎತ್ತಿದರೆ ಪಂಪುಗಳು ತಮ್ಮ ಕಾವಿಗೆ ತಾವೇ ಒಣಗಿದವು. ಆ ಬಿಸಿಯಲ್ಲಿಯೇ ಎಣ್ಣೆಗೆ ಅದ್ದಿ ತೆಗೆದಳು. ತಿಂಗಳಾದರೂ ತುಕ್ಕಿನ ಸುಳಿವಿಲ್ಲ.

ಜಯಪಾಲ ಇದಕ್ಕೆಂದೇ ಮುಂಬೈಯಿಂದ ಬಣ್ಣ ಬದಲಾಯಿಸುವ ಪರೀಕ್ಷೆಯ ಕಾಗದ ತರಿಸಲು ಪತ್ರ ಬರೆದಿದ್ದ. ಕಾಗದ ಇನ್ನೂ ಬಂದಿರಲಿಲ್ಲ. ಅರಿಷಿಣದ ಚೂರು ಎರಡು ಪೈಸೆಯದೂ ಅಲ್ಲ. ಅವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅದರಲ್ಲೂ ಕಾರಖಾನೆಯ ಮಂದಿ ಮೊದಲನೆಯ ತೊಟ್ಟಿಗೆ ‘ಹಾಲವ್ವನ ಹಂಡೆ’ ಎಂದು ಹೆಸರಿಟ್ಟದ್ದು ಅವನಿಗೆ ಸೇರಲಿಲ್ಲ. ತೊಟ್ಟಿಯ ನಕ್ಷೆ ತೆಗೆದವನು ಅವನು. ಬೆಸುಗೆ ಹಾಕಿಸಿದವನು ಅವನು. ಹೆಸರು ಮಾತ್ರ ಹಾಲವ್ವನದು!

ಪುಣೆಯ ಕಂಪನಿ ಖುಷಿಯಾಗಿ ಪಂಪಿನ ಮುಚ್ಚಳವನ್ನೂ ಇಲ್ಲಿಯೇ ಮಾಡಿರೆಂದು ಕೇಳಿತು. ಮುಚ್ಚಳ ಅಲ್ಯುಮಿನಿಯಮ್ಮಿನದು. ಇಪ್ಪತ್ನಾಲ್ಕು ಮುಚ್ಚಳಗಳು ಮಾದರಿಗೆಂದು ತಯಾರಾದವು. ಅವನ್ನೂ ಪಂಪುಗಳನ್ನೂ ತೊಳೆಯುವ ರೀತಿಯನ್ನೂ ನೋಡಲು ಕಂಪನಿಯ ಇನ್ಸ್‌ಪೆಕ್ಟರು ಸೋಮವಾರ ಬರುವವರಿದ್ದರು. ಹಾಲವ್ವ ಶುಕ್ರವಾರ ಸಂಜೆ ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಗಡಹಿಂಗ್ಲಜಕ್ಕೆ ಹೊರಟಳು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು:

"ಸಾಹೇಬ್ರ, ಆ ಜರ್ಮನ್ ಮುಚ್ಚಳಾ ಹಂಡೇದಾಗ ಹಾಕಬ್ಯಾಡ್ರಿ ಮತ್ತ. ಆಯಿತವಾರ ಬಂದು ನಾನ ರಾಕೇಲದಾಗ ತೊಳೀತೇನಿ."

ಆ ಸೀಮೆಯ ಅಡುಗೆಮನೆಗಳಲ್ಲಿ ಅಲ್ಯುಮಿನಿಯಮ್ ಪಾತ್ರೆಗೆ ಜರ್ಮನ್ ಎಂದೇ ಹೆಸರು. ಜಯಪಾಲ ಮುಗುಳುನಕ್ಕು ತಿದ್ದಿದ. "ಜರ್ಮನ್ ಅಲ್ಲ ಹಾಲವ್ವಾರ, ಅಲ್ಯುಮಿನಿಯಂ ಅನಬೇಕು."

"ಏನರ ಅನ್ರಿ, ಹಾಕಬ್ಯಾಡ್ರಿ."

ಹೆಸರು ತಿದ್ದಿದ ಖುಷಿಯಲ್ಲಿ ಜಯಪಾಲ ಮಾತಿನ ಉಳಿದ ಅರ್ಧವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶನಿವಾರ ಬೆಳಿಗ್ಗೆ ಅವನು ವಿಚಾರ ಮಾಡಿದ: ಕಬ್ಬಿಣದ ಹೊಲಸು ಹೋಗುವ ನೀರಿನಲ್ಲಿ ಅಲ್ಯುಮಿನಿಯಮ್ಮಿನ ಹೊಲಸು ಯಾಕೆ ಹೋಗಬಾರದು? ಕುಂಚ ಹಿಡಿದು ರಾಕೇಲಿನಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ಒಂದೊಂದನ್ನೇ ತಿಕ್ಕುವುದು ಹೆಂಗಸರ ಪಾತ್ರೆ ತೊಳೆಯುವ ಪದ್ಧತಿ. ಡಿಪ್ಲೊಮಾದಲ್ಲಿ ರಸಾಯನಶಾಸ್ತ್ರದ ಪಾಠ ನಡೆಯುತ್ತಿದ್ದ ದಿನಗಳಲ್ಲಿ ಅವನಿಗೆ ಕಣ್ಣುಬೇನೆ ಬಂದು ಹದಿನೈದು ದಿನ ಮನೆಯಲ್ಲಿದ್ದ. ಈ ಸಂಗತಿ ಅವನಿಗೆ ನೆನಪಾದದ್ದು ಆಮೇಲೆ.

ಇಪ್ಪತ್ನಾಲ್ಕೂ ಮುಚ್ಚಳಗಳನ್ನು ಬುಟ್ಟಿಗೆ ತುಂಬಿ ಹಂಡೆಯಲ್ಲಿ ಇಳಿಬಿಟ್ಟ. ಮುಳುಗಿದ ಕೂಡಲೇ ನೀರು ಸರ್ರನೆ ನೊರೆಗಟ್ಟಿತು. ಜಯಪಾಲನ ಮುಖ ಅರಳಿತು.

"ಕೃಷ್ಣಾತ, ಬಾ ಇಲ್ಲಿ!" ಎಂದು ಲೇಥಿನ ಮೇಲಿದ್ದವನನ್ನು ಕರೆದ. "ನೋಡು, ಹೊಲಸು ಹೆಂಗ ಹೊರಗ ಬರಾಕತ್ತೈತಿ!"

ಕೃಷ್ಣಾತ ಬಗ್ಗಿ ನೋಡಿದ. "ಅಷ್ಟ ಹೊಲಸು ಇತ್ತೇನ್ರಿ ಅದರಾಗ?"

"ಕಣ್ಣಿಗೆ ಕಾಣೂದಿಲ್ಲ. ಒಳಗ ಇರ್ತೈತಿ."

ಪಟ್ಟಿಯಲ್ಲಿ ಅರ್ಧ ತಾಸು ಎಂದಿತ್ತು. ಅವನು ಪಟ್ಟಿಗೆ ನಿಷ್ಠನಾಗಿ ಗಡಿಯಾರ ನೋಡುತ್ತ ನಿಂತ. ನೊರೆ ಮೇಲೇರಿತು, ಬೂದಿಯ ಬಣ್ಣಕ್ಕೆ ತಿರುಗಿತು, ಗಂಟಲು ಕೆರೆಯುವ ಹಬೆ ಎದ್ದಿತು. ಇಪ್ಪತ್ತು ನಿಮಿಷಕ್ಕೆ ಹಂಡೆ ಉಕ್ಕಿ, ಒಲೆಯ ಮೇಲೆ ಸುರಿದು, ಭುಸ್ಸೆಂದು ಬೆಂಕಿಯನ್ನೇ ಆರಿಸಿತು. ಮಂದಿ ಕೆಮ್ಮುತ್ತ ಅಂಗಳಕ್ಕೆ ಓಡಿದರು. ಹಬೆ ತಿಳಿಯಾದ ಮೇಲೆ ಜಯಪಾಲ ಮೂಗಿಗೆ ಅರಿವೆ ಕಟ್ಟಿಕೊಂಡು ಒಳಗೆ ಹೋಗಿ ರಾಟೆ ಎಳೆದ. ಅಷ್ಟರಲ್ಲಿ ಅರ್ಧ ತಾಸು ನಿಜವಾಗಿಯೇ ಆಗಿತ್ತು.

ಬುಟ್ಟಿಯಲ್ಲಿದ್ದವು ಮುಚ್ಚಳಗಳಲ್ಲ. ಹುಳ ತಿಂದ ಎಲೆಗಳಂಥ, ಕರಿ ಬಿದ್ದ, ಅಂಚು ಹರಿದ ಏನೋ ಇಪ್ಪತ್ನಾಲ್ಕು ವಸ್ತುಗಳು. ಬೋಲ್ಟಿನ ತೂತುಗಳಲ್ಲಿ ಈಗ ಹೆಬ್ಬೆರಳು ಹೋಗುತ್ತಿತ್ತು.

ಕೃಷ್ಣಾತ ಬಹಳ ಹೊತ್ತು ನೋಡಿ ಮೆಲ್ಲಗೆ ಹೇಳಿದ: "ಹೊಲಸು ಎಲ್ಲಾ ಹೋತ್ ನೋಡ್ರಿ."

ರಾವಸಾಹೇಬರು ಅವತ್ತು ಬಿದ್ರಿಯಲ್ಲಿ ಒಬ್ಬ ನೆಂಟರ ಮನೆಗೆ ಹೋಗಿದ್ದರು, ರಾತ್ರಿ ಬರುವವರಿದ್ದರು. ಜಯಪಾಲ ಒಂದು ಮುಚ್ಚಳವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸ್ಟ್ಯಾಂಡಿಗೆ ನಡೆದು, ಗಡಹಿಂಗ್ಲಜದ ಎಸ್.ಟಿ. ಬಸ್ಸು ಹತ್ತಿದ. ಇದಕ್ಕೆ ಮದ್ದು ಗೊತ್ತಿದ್ದರೆ ಹಾಲವ್ವನಿಗೇ ಗೊತ್ತಿರಬೇಕು. ಆದರೆ ದಾರಿಯುದ್ದಕ್ಕೂ ಅವನ ತಲೆ ಇನ್ನೊಂದು ಕೆಲಸ ಮಾಡುತ್ತಿತ್ತು. ಕಾಸ್ಟಿಕ್ ಕಲಸಿಟ್ಟು ಹೋದವಳು ಹಾಲವ್ವ. ಅದು ಹೆಚ್ಚಾಗಿತ್ತು ಎಂದರೆ ಯಾರು ಅಳೆಯುತ್ತಾರೆ? ನೀರಂತೂ ಉಕ್ಕಿ ಚೆಲ್ಲಿಹೋಗಿದೆ. ಈ ವಿಚಾರ ಬಂದಾಗಲೆಲ್ಲ ಅವನು ಕಿಟಕಿಯ ಹೊರಗೆ ನೋಡಿದ. ಹೊರಗೆ ಕಬ್ಬಿನ ಗದ್ದೆ ಮುಗಿಯುತ್ತಿತ್ತು, ವಿಚಾರ ಮುಗಿಯುತ್ತಿರಲಿಲ್ಲ.

ಹಾಲವ್ವನ ತಂಗಿಯ ಮನೆ ಮುಟ್ಟಿದಾಗ ಹೊತ್ತು ಇಳಿಯಲು ಬಂದಿತ್ತು. ಕಾರ್ಯ ಮಧ್ಯಾಹ್ನವೇ ಮುಗಿದು, ಅಂಗಳದಲ್ಲಿ ಹೆಂಗಸರು ಕುಳಿತಿದ್ದರು. ಇಸ್ತ್ರಿಯ ಅಂಗಿ ತೊಟ್ಟ ಸಾಹೇಬರು, ಕೈಯಲ್ಲಿ ಕರವಸ್ತ್ರದ ಗಂಟು. ತಂಗಿ ಬಾಳಕ್ಕ ಓಡಿ ಬಂದಳು.

"ಅಕ್ಕನ ಸಾಹೇಬ್ರು ಕೂಸಿಗೆ ಏನೋ ತಂದಾರ!" ಎನ್ನುತ್ತ ಅವನು ಬೇಡ ಬೇಡವೆನ್ನುವುದರೊಳಗೆ ಗಂಟು ತೆಗೆದುಕೊಂಡು ಎಲ್ಲರ ನಡುವೆ ಬಿಚ್ಚಿದಳು. ಒಬ್ಬ ಮುದುಕಿ, "ಗಿಲಕಿ ಏನ್ರಿ ಅದು?" ಎಂದು ಕೇಳಿದಳು.

ಹಾಲವ್ವ ಬಂದು ನೋಡಿದಳು. ಮುಚ್ಚಳ ನೋಡಿದಳು, ಜಯಪಾಲನ ಮುಖ ನೋಡಿದಳು, ಆಮೇಲೆ ಪಡುವಣಕ್ಕೆ ತಿರುಗಿ ಹೊತ್ತು ನೋಡಿದಳು.

"ಹಾಲವ್ವಾರ, ನನ್ನ ಕೈಲಿ..."

"ಮಾತು ಹಿಂದಾಗಡೆ. ನೀವು ಜೈನರು, ಹೊತ್ತು ಮುಳುಗಿದ ಮ್ಯಾಲ ಉಣ್ಣಂಗಿಲ್ಲ. ಬಾಳಕ್ಕಾ, ಹೋಳಿಗಿ ತಾ. ಉಳ್ಳಾಗಡ್ಡಿ ಹಾಕಿದ್ದು ಏನೂ ತರಬ್ಯಾಡ."

"ನನಗ ಹಸಿವಿಲ್ರಿ."

"ಮುಂಜಾನಿಂದ ಏನ್ ತಿಂದೀರಿ ಅನ್ನೂದು ಮಾರಿ ಮ್ಯಾಲ ಕಾಣತೈತಿ. ಕುಂಡ್ರ್ರಿ."

ಹೀಗೆ ಜಯಪಾಲ ಮುಳುಗುವ ಸೂರ್ಯನ ಎದುರು ಕುಳಿತು, ಗಂಟಲಲ್ಲಿ ತಪ್ಪೊಪ್ಪಿಗೆ, ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಉಂಡ. ಎರಡನೆಯ ಹೋಳಿಗೆಗೆ ಹಾಲವ್ವ ಎದುರು ಕುಳಿತಳು.

"ಎಷ್ಟೊತ್ತು ಇಟ್ಟಿದ್ರಿ?"

"ಅರ್ಧಾ ತಾಸು."

"ಪುಣ್ಯಾ ಅನ್ರಿ. ಇನ್ನರ್ಧಾ ತಾಸು ಇಟ್ಟಿದ್ರ ಬರೇ ಕರವಸ್ತ್ರ ತರತಿದ್ರಿ."

"ಏನೂ ಮಾಡಾಕ ಬರೂದಿಲ್ಲೇನ್ರಿ?"

"ಕಾಸ್ಟಿಕ್ ತಿಂದ ಜರ್ಮನ್ ಹೊಳ್ಳಿ ಬರಂಗಿಲ್ರಿ ಸಾಹೇಬ್ರ. ಇಚಲಕರಂಜಿಯಾಗ ನಾನೂ ಹಿಂಗ ಒಂದು ಚರಿಗಿ ಕಳಕೊಂಡೀನಿ. ಧಣ್ಯಾರಿಗೆ ಏನ್ ಹೇಳಿದ್ರಿ?"

ಜಯಪಾಲ ಸುಳ್ಳು ಹೇಳಬಹುದಿತ್ತು. ಆದರೆ ಅವಳ ಮನೆಯ ತುಪ್ಪ ಇನ್ನೂ ಬೆರಳಿಗೆ ಅಂಟಿತ್ತು. "ಇನ್ನೂ ಹೇಳಿಲ್ಲ. ಕಾಸ್ಟಿಕ್ ಹೆಚ್ಚಾಗಿತ್ತು ಅಂತ ಹೇಳಬೇಕಂತ ಮಾಡಿದ್ದೆ."

"ಕಾಸ್ಟಿಕ್ ಕಲಸಿದಾಕಿ ನಾನ ಅಲ್ಲೇನು?"

"ಹೌದ್ರಿ."

ಹಾಲವ್ವ ಹೋಳಿಗೆಯ ಬುಟ್ಟಿಗೆ ಕೈ ಹಾಕಿ ಮೂರನೆಯದನ್ನು ಅವನ ತಟ್ಟೆಗೆ ಹಾಕಿದಳು. "ಹಂಗಾರ ಇದೊಂದು ತಿನ್ರಿ. ನನ್ನ ಮ್ಯಾಲ ಚಾಡಿ ಹೇಳಾಕ ತ್ರಾಣ ಬೇಕಲ್ಲ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಹೋಳಿಗೆಯನ್ನು ಮಾತ್ರ ನುಂಗಲಾರದೆ ನುಂಗಿದ. "ಹಂಗ ಹೇಳೂದಿಲ್ರಿ," ಎಂದ ಸಣ್ಣ ದನಿಯಲ್ಲಿ.

"ನನಗೂ ಗೊತ್ತೈತಿ. ಹೇಳಾವ್ರು ಇಷ್ಟು ದೂರ ಬರತಿದ್ದಿಲ್ಲ."

ಭಾನುವಾರ ಮೊದಲ ಬಸ್ಸಿಗೆ ಇಬ್ಬರೂ ಹೊರಟರು. ಕೊಲ್ಹಾಪುರ ಮುಟ್ಟಿದಾಗ ರಾವಸಾಹೇಬರು ತಮ್ಮ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಜಯಪಾಲ ಎಲ್ಲವನ್ನೂ ಹೇಳಿದ: ಹಾಲವ್ವ ಬೇಡವೆಂದದ್ದು, ತಾನು ಹೆಸರು ತಿದ್ದಿದ್ದು, ಅರ್ಧ ತಾಸು ಗಡಿಯಾರ ನೋಡಿದ್ದು. ಬಸ್ಸಿನಲ್ಲಿ ಮಾಡಿದ ವಿಚಾರವನ್ನೂ ಹೇಳಿದ. ರಾವಸಾಹೇಬರು ಕೇಳಿಸಿಕೊಂಡು, ಕರಿ ಮುಚ್ಚಳವನ್ನು ಎತ್ತಿ ಅದರ ತೂತಿನಲ್ಲಿ ಒಂದು ಕಣ್ಣಿಟ್ಟು ಜಯಪಾಲನನ್ನು ನೋಡಿದರು.

"ಭಾಳ ಸ್ವಚ್ಛ ತೊಳದೀ ಬಿಡಪಾ. ಮುಚ್ಚಳ ಸುದ್ದಾ ಉಳದಿಲ್ಲ."

ಅಷ್ಟೇ. ಆಮೇಲೆ ಅಂಗಿ ತೊಟ್ಟು ತಾವೇ ಉಗ್ರಾಣದ ಬೀಗ ತೆಗೆದರು. ಎರಕದಿಂದ ಬಂದು ಇನ್ನೂ ಕೊರೆಯದೆ ಉಳಿದಿದ್ದ ಮೂವತ್ತು ಮುಚ್ಚಳಗಳಿದ್ದವು. ರಜೆಯ ದಿನ ಕೃಷ್ಣಾತನ ಮನೆಗೆ ಆಳು ಹೋಯಿತು. ಕೃಷ್ಣಾತ ನಗುವನ್ನು ಮೀಸೆಯಲ್ಲಿ ಅಡಗಿಸಿಕೊಂಡು ಬಂದ. ಅವನು ಕೊರೆದು ಕೊಟ್ಟಂತೆ ಹಾಲವ್ವ ರಾಕೇಲಿನಲ್ಲಿ ಅದ್ದಿ ತೊಳೆಯತೊಡಗಿದಳು. ಜಯಪಾಲ ಪಕ್ಕದಲ್ಲಿ ನಿಂತಿದ್ದ.

"ನಿಂತು ನೋಡಿದ್ರ ಹೋಗೂದಿಲ್ರಿ ಹೊಲಸು," ಎಂದು ಅವಳು ಒಂದು ಕುಂಚ ಅವನ ಕೈಗಿತ್ತಳು.

ಅವನು ತೋಳು ಮಡಚಿ ಕುಳಿತ. ಮೊದಲ ಮುಚ್ಚಳಕ್ಕೆ ಎರಡು ಬೆರಳು ನೆನೆಸಿದ, ನಾಲ್ಕನೆಯದಕ್ಕೆ ಮೊಣಕೈವರೆಗೆ ಇಳಿದಿದ್ದ. ರಾಕೇಲು ಅಂಗಿಗೆ ಸಿಡಿಯಿತು, ಕೂದಲಿಗೆ ಸಿಡಿಯಿತು. ಒಂದು ಹಂತದ ನಂತರ ಅವನು ಕಲೆಗಳನ್ನು ನೋಡುವುದನ್ನೇ ಬಿಟ್ಟ. ತೂತಿನ ಮೂಲೆಯಲ್ಲಿ ಲೋಹದ ಪುಡಿ ಹೇಗೆ ಅಡಗಿ ಕೂರುತ್ತದೆ, ಕುಂಚವನ್ನು ಒತ್ತದೆ ತಿರುವಿದರೆ ಹೇಗೆ ಹೊರಗೆ ಬರುತ್ತದೆ ಎಂಬುದು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಅವನಿಗೆ ಅದರಲ್ಲಿ ಒಂಥರಾ ರುಚಿ ಹತ್ತಿತು.

ಸಂಜೆ ಐದಕ್ಕೆ, ಹೊತ್ತು ಮುಳುಗುವ ಮೊದಲು ಉಣ್ಣಲಿ ಎಂದು ರತ್ನಮಾಲಾ ತಾನೇ ಡಬ್ಬಿ ಹಿಡಿದು ಬಂದಳು. ಬಾಗಿಲಲ್ಲಿ ನಿಂತು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಾಲವ್ವನಿಗೆ ಕೇಳಿದಳು: "ಮಾವಶಿ, ನಮ್ಮ ಮನಿಯವರು ಇಲ್ಲೇ ಎಲ್ಲೋ ಇದ್ದಾರಂತ ಹೇಳಿದ್ರು. ಬೆಳ್ಳನ್ನ ಅಂಗಿ ಹಾಕ್ಕೊಂಡಿರತಾರ. ಕಂಡೀರೇನ್ರಿ?"

ಹಾಲವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಜಯಪಾಲನಿಗೂ ನಗು ಬಂತು, ಎರಡು ದಿನಗಳಲ್ಲಿ ಮೊದಲ ಬಾರಿಗೆ.

ಸೋಮವಾರ ಹತ್ತಕ್ಕೆ ಇನ್ಸ್‌ಪೆಕ್ಟರು ಬಂದರು. ಸಣಕಲು ಮನುಷ್ಯ, ದಪ್ಪ ಕನ್ನಡಕ, ಮಾತು ಮರಾಠಿ, ಅದೂ ಕಡಿಮೆ. ತಂತಿಯ ತುದಿಗೆ ಬಿಳಿ ಬಟ್ಟೆ ಸುತ್ತಿ ಪಂಪಿನ ಒಂದೊಂದು ತೂತಿನಲ್ಲೂ ಹಾಯಿಸಿದರು. ಬಟ್ಟೆ ಬಿಳಿಯಾಗಿಯೇ ಹೊರಬಂತು. ಮುಚ್ಚಳಗಳಲ್ಲಿ ಮೂರನ್ನು, ಅವಸರದಲ್ಲಿ ತೂತು ವಾರೆಯಾಗಿವೆ ಎಂದು ಬದಿಗಿಟ್ಟರು; ಇಪ್ಪತ್ತೊಂದನ್ನು ಒಪ್ಪಿದರು. ಕೊನೆಗೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಕೇಳಿದರು: "ಹೇ ಕೋಣ ಧುತಂ?" ಇದನ್ನು ತೊಳೆಯುವವರು ಯಾರು?

ರಾವಸಾಹೇಬರು ಜಯಪಾಲನ ಕಡೆ ನೋಡಿದರು. ಕೃಷ್ಣಾತನೂ ಲೇಥು ನಿಲ್ಲಿಸಿ ನೋಡಿದ. ಜಯಪಾಲ ಹೋಗಿ ಹಾಲವ್ವನನ್ನು ಕರೆದುಕೊಂಡು ಬಂದು ನಿಲ್ಲಿಸಿದ.

ಇನ್ಸ್‌ಪೆಕ್ಟರು ಒಂದು ಅಚ್ಚು ಹಾಕಿದ ಹಾಳೆ ತೆಗೆದರು. ತೊಳೆಯುವ ಕೆಲಸದ ಜವಾಬ್ದಾರಿ ಯಾರದೋ ಅವರ ಸಹಿ, ಅದರ ಕೆಳಗೆ ಸೂಪರ್‌ವೈಜರನ ಸಹಿ. ಹಾಲವ್ವನಿಗೆ ಓದು ಬರಹ ಬಾರದು. ಸರಿ, ಹೆಬ್ಬೆಟ್ಟು ಆಗಲಿ ಎಂದರು. ಮಸಿಗೆ ಒತ್ತಿ ಹಾಳೆಯ ಅಂಚಿನಲ್ಲಿ ಒತ್ತಿದಳು. ಒಂದು ಕರಿ ಚುಕ್ಕೆ ಬಿತ್ತು, ಗೆರೆಯೇ ಇಲ್ಲ. ಮಸಿ ಹೆಚ್ಚಾಯಿತೇನೋ ಎಂದು ಒರೆಸಿ ಇನ್ನೊಮ್ಮೆ ಒತ್ತಿಸಿದರು. ಮತ್ತೆ ಬರೀ ಚುಕ್ಕೆ. ಇನ್ಸ್‌ಪೆಕ್ಟರು ಅವಳ ಕೈ ಹಿಡಿದು ಕನ್ನಡಕದ ಹತ್ತಿರ ತಂದರು.

"ಇಪ್ಪತ್ತು ವರ್ಷ ಕಾಸ್ಟಿಕ್‌ನ್ಯಾಗ ಕೈ ಆಡಿಸೀನ್ರಿ," ಎಂದಳು ಹಾಲವ್ವ, ತಪ್ಪು ಮಾಡಿದವಳಂತೆ. "ಗೆರಿ ಎಲ್ಲಾ ತೊಳಕೊಂಡು ಹೋಗ್ಯಾವ."

ರಾವಸಾಹೇಬರು ಅದನ್ನು ಮರಾಠಿಯಲ್ಲಿ ಹೇಳಿದರು. ಆಗ ಆ ಮನುಷ್ಯ ಮೊದಲ ಬಾರಿಗೆ ನಕ್ಕರು. ಹದಿನೈದು ವರ್ಷದಿಂದ ಹೊಲಸು ಹುಡುಕುತ್ತ ತಿರುಗುತ್ತಿದ್ದೇನೆ, ಸ್ವಚ್ಛ ಹೆಚ್ಚಾಯಿತೆಂದು ಕಾಗದ ತಡೆಹಿಡಿಯುತ್ತಿರುವುದು ಇದೇ ಮೊದಲು ಎಂದರು. ಎಲ್ಲರೂ ನಕ್ಕರು, ಹಾಲವ್ವನೂ ನಕ್ಕಳು. ಜಯಪಾಲನಿಗೆ ಮಾತ್ರ ನಗಲಾಗಲಿಲ್ಲ. ಅರ್ಧ ವರ್ಷದಿಂದ ಆ ಕೈಗಳ ಪಕ್ಕದಲ್ಲಿಯೇ ನಿಂತು, ಅವು ತೊಳೆದ ಕಬ್ಬಿಣವನ್ನು ಮಾತ್ರ ಅವನು ನೋಡಿದ್ದ.

ಇನ್ಸ್‌ಪೆಕ್ಟರು ಬುಧವಾರದವರೆಗೆ ಕೊಲ್ಹಾಪುರದಲ್ಲಿಯೇ ಇರುವವರಿದ್ದರು. ಅಷ್ಟರೊಳಗೆ ಸಹಿ ಕಲಿಯಲಿ ಎಂದು ಹಾಳೆಯನ್ನು ಬಿಟ್ಟು ಹೋದರು. ಅವತ್ತೇ ಜಯಪಾಲ ಪೇಟೆಗೆ ಹೋಗಿ ಮೊಣಕೈವರೆಗಿನ ಒಂದು ಜೊತೆ ರಬ್ಬರಿನ ಕೈಗವಸು ಹುಡುಕಿ ತಂದ. ಹಾಲವ್ವ ಹಾಕಿಕೊಂಡು ನೋಡಿ, "ಎಮ್ಮಿ ಕೆಚ್ಚಲಾದಂಗ ಆಗೇತ್ರಿ," ಎಂದು ತೆಗೆಯಲು ಹೋದಳು. ಅವನು ಬಿಡಲಿಲ್ಲ. ಅವನು ಎದುರಿಗಿದ್ದಾಗಲಂತೂ ಅವಳು ಹಾಕಿಕೊಳ್ಳುತ್ತಿದ್ದಳು.

ಎರಡು ಮಧ್ಯಾಹ್ನ ಊಟದ ಸೂಟಿಯಲ್ಲಿ ಪಾಠ ನಡೆಯಿತು. ಕಲಿಸುವವನು ಜಯಪಾಲ, ಪಾಟಿ ಎಂದರೆ ಉಗ್ರಾಣದ ಕಬ್ಬಿಣದ ಬಾಗಿಲು, ಕೈಯಲ್ಲಿ ಸೀಮೆಸುಣ್ಣದ ಖಡು. ‘ಹಾ’ ಬೇಗ ಬಂತು. ‘ಲ’ ಒಂದು ತಾಸು ತೆಗೆದುಕೊಂಡಿತು. ಕೊನೆಯ ಅಕ್ಷರಕ್ಕೆ ಬಂದಾಗ ಹಾಲವ್ವ ತಕರಾರು ತೆಗೆದಳು.

"ಇಂವಾ ಯಾಂವರಿ, ತೆಳಗ ಜೋತು ಬಿದ್ದಾಂವ?"

"ಅದೂ ಒಂದು ‘ವ’ನ ರಿ. ಒತ್ತು."

"ಮ್ಯಾಲ ಒಂದು ಐತೆಲ್ಲ? ಇಂವನ್ನ ಬಿಟ್ರ ನಡಿಯೂದಿಲ್ಲೇನು?"

"ಬಿಟ್ರ ‘ಹಾಲವ’ ಆಗತೈತ್ರಿ."

"ಆಗವಲ್ದ್ಯಾಕ. ಹಾಲವಾ ಅಂತ ಕರದ್ರೂ ನಾ ಓ ಅಂತೇನಿ."

"ಹಾಲವ್ವಾರ, ಹೆಸರು ಸರಿಯಾಗಿ ಬರೀಬೇಕು," ಎಂದು ಜಯಪಾಲ ಗದರಿಸಿದ.

ಬುಧವಾರ ಇನ್ಸ್‌ಪೆಕ್ಟರು ಬಂದಾಗ ಇಡೀ ಕಾರಖಾನೆ ಮೇಜಿನ ಸುತ್ತ ನೆರೆದಿತ್ತು. ಹಾಲವ್ವ ಸೆರಗಿಗೆ ಕೈ ಒರೆಸಿಕೊಂಡು, ಪೆನ್ನನ್ನು ಸೌಟಿನಂತೆ ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿ ಬರೆಯತೊಡಗಿದಳು. ಬಾಗಿಲ ಮೇಲೆ ಬರೆದು ರೂಢಿಯಾದ ಕೈ. ಒಂದೊಂದು ಅಕ್ಷರ ಒಂದೊಂದು ಬಾದಾಮಿಯಷ್ಟು. ‘ಹಾ’ ತನ್ನ ಮನೆ ತುಂಬಿ, ‘ಲ’ ಗೆರೆ ದಾಟಿ, ‘ವ್ವ’ದ ಒತ್ತು ನೇರ ಕೆಳಗಿಳಿದು ಸೂಪರ್‌ವೈಜರನ ಸಹಿಯ ಜಾಗದಲ್ಲಿ ಕಾಲು ಚಾಚಿ ಕುಳಿತುಕೊಂಡಿತು.

"ಬಂತ್ರಿ!" ಎಂದು ಅವಳು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. ಹಾಳೆಯನ್ನು ಎತ್ತಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಆಮೇಲೆ ಕಣ್ಣಿಗೆ ಬಿತ್ತು. "ಅಯ್ಯ, ನಿಮ್ಮ ಜಾಗಾನೂ ನಾನ ತಿಂದೆನಲ್ರಿ ಸಾಹೇಬ್ರ! ಅದಕ್ಕ ಹೇಳಿದ್ದೆ, ತೆಳಗಿನವನ್ನ ಬಿಡೂಣು ಅಂತ."

ಜಯಪಾಲ ಹಾಳೆ ತೆಗೆದುಕೊಂಡ. ಒತ್ತಿನ ಬಾಲಕ್ಕೂ ಹಾಳೆಯ ಅಂಚಿಗೂ ನಡುವೆ ಒಂದು ಹೆಸರುಕಾಳಿನಷ್ಟು ಜಾಗ ಉಳಿದಿತ್ತು. ಅವನು ಬಗ್ಗಿ, ಅಲ್ಲಿ ತನ್ನ ಹೆಸರನ್ನು ಸಣ್ಣಗೆ ಬರೆದು, ಮಸಿ ಆರಲಿ ಎಂದು ಊದಿ ಇನ್ಸ್‌ಪೆಕ್ಟರ ಕೈಗೆ ಕೊಟ್ಟ.